ಧೋತರದ ಆಚೆ ಕಡೆ

ಭಾಷಣವಿದೆ ಬನ್ನಿ ಎಂದು ಯಾರಾದರೂ ಕರೆದರೆ ನಾನು ತಪ್ಪದೆ ಹೋಗುತ್ತೇನೆ. ಭಾಷಣ ಕೇಳಲು ಬಂದನೆಂದು ಕರೆದವರು ಸಂತೋಷಪಡುತ್ತಾರೆ, ಪಡಲಿ. ನಾನು ಹೋಗುವುದು ಪರದೆಯ ಮೇಲಿನ ಅಕ್ಷರ ನೋಡಲು. ಸಭಾಂಗಣದ ಕೊನೆಯ ಸಾಲಿನಲ್ಲಿ, ಕಂಬ ಅರ್ಧ ಅಡ್ಡ ಬರುವಂಥ ಒಂದು ಕುರ್ಚಿ ಹುಡುಕಿ ಕೂರುತ್ತೇನೆ. ಅಲ್ಲಿಂದ ಕಂಡರೆ ಎಲ್ಲರಿಗೂ ಕಂಡ ಹಾಗೆ. ಸಾಮಾನ್ಯವಾಗಿ ಕಾಣುವುದಿಲ್ಲ. ಮುಂದೆ ನಿಂತವರು, ‘ಇದು ಹಿಂದಿನವರಿಗೆ ಕಾಣಲಿಕ್ಕಿಲ್ಲ, ಆದರೂ...’ ಎಂದು ನಗುತ್ತ ಅದನ್ನೇ ಉದ್ದಕ್ಕೂ ಓದತೊಡಗುತ್ತಾರೆ. ಕಾಣುವುದಿಲ್ಲವೆಂದು ಗೊತ್ತಿದ್ದೂ ತೋರಿಸುವ ಈ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಬರದ ಹಾಗೆ ನೋಡಿಕೊಂಡವಳು ನಮ್ಮ ಅಕ್ಕ.

ಮೊನ್ನೆ ಚಳಿ ಜೋರಾಯಿತೆಂದು ಕೌದಿ ತೆಗೆಯಲು ಟ್ರಂಕು ತೆರೆದೆ. ಕೌದಿಯ ಕೆಳಗೆ ಅಕ್ಕನ ಧೋತರ ಸಿಕ್ಕಿತು. ಹೆಣ್ಣುಮಗಳಿಗೆ ಎಲ್ಲಿಯ ಧೋತರ ಎಂದು ನೀವು ಹುಬ್ಬೇರಿಸಬಹುದು. ಅದು ನಮ್ಮ ಮಾಮಾನದು, ಅಂದರೆ ಅಕ್ಕನ ಗಂಡನದು, ಮದುವೆಯಲ್ಲಿ ಉಟ್ಟದ್ದು. ಬಲು ಸಣ್ಣ ನೂಲಿನ ಬಿಳಿ ಬಟ್ಟೆ. ಮಡಿಕೆಯ ಗೆರೆಗಳಲ್ಲಿ ಈಗ ಹಳದಿಗಟ್ಟಿದೆ. ನಾಲ್ಕು ಮೂಲೆಗೂ ಒಂದೊಂದು ಹಿತ್ತಾಳೆಯ ಉಂಗುರ ಹೊಲಿದಿದೆ. ಅಕ್ಕನೇ ಹೊಲಿದದ್ದು. ಆ ಉಂಗುರಗಳನ್ನು ಮುಟ್ಟಿ ನೋಡುತ್ತ ಕೂತವನಿಗೆ ಕೌದಿಯೂ ಮರೆತುಹೋಯಿತು, ಚಳಿಯೂ ಮರೆತುಹೋಯಿತು.

ತೊಂಬತ್ತರ ದಶಕದಲ್ಲಿ ನಾನು ಧಾರವಾಡದ ಲಕಮನಹಳ್ಳಿ ಕಡೆ ಒಂದು ತರಬೇತಿ ಕೇಂದ್ರದಲ್ಲಿದ್ದೆ. ರೈತರು, ಕಾಳಿನ ವ್ಯಾಪಾರಸ್ಥರು ಬರುತ್ತಿದ್ದರು. ಜೋಳ, ಕಡಲೆ, ಗೋದಿಗೆ ಹುಳ ಹತ್ತದ ಹಾಗೆ ಇಡುವುದು ಹೇಗೆಂದು ಅವರಿಗೆ ಹೇಳಿಕೊಡುವುದು ನಮ್ಮ ಕೆಲಸ. ಅಕ್ಕನ ಡಬ್ಬಿಯಿಂದ ಶೇಂಗಾ ಕದ್ದು ತಿನ್ನುವುದೊಂದನ್ನು ಬಿಟ್ಟರೆ ನನಗೂ ಕಾಳಿಗೂ ಬೇರೆ ಸಂಬಂಧವಿರಲಿಲ್ಲ. ಪುಸ್ತಕ ಓದಿ ಪಾಸಾಗಿದ್ದೆ, ಅಷ್ಟೆ. ಎದುರಿಗೆ ದೊಡ್ಡ ದೊಡ್ಡ ಮೀಸೆಯವರು ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರೆ ನಾಲಿಗೆ ಒಣಗುತ್ತಿತ್ತು. ಹೆದರಿದವನು ಹೆಚ್ಚು ಬರೆಯುತ್ತಾನೆ. ನಾನು ಬಾಯಲ್ಲಿ ಹೇಳಬೇಕಾದದ್ದನ್ನೆಲ್ಲ ಹಾಳೆಯ ಮೇಲೆ ಬರೆದು, ಗೋಡೆಯತ್ತ ಮುಖ ಮಾಡಿ ಓದಿಬಿಟ್ಟರೆ ಯಾರ ಕಣ್ಣೂ ತಾಗುವುದಿಲ್ಲವೆಂದು ಕಂಡುಕೊಂಡಿದ್ದೆ.

ಆಗ ಈಗಿನ ಕಂಪ್ಯೂಟರ್ ಇರಲಿಲ್ಲ. ಓಎಚ್‌ಪಿ ಎಂಬ ಯಂತ್ರವಿತ್ತು. ಗಾಜಿನ ಮುಚ್ಚಳದ ಒಂದು ಪೆಟ್ಟಿಗೆ, ಒಳಗೆ ಕಣ್ಣು ಕುಕ್ಕುವ ದೀಪ, ಮೇಲೆ ಕೊಕ್ಕರೆಯ ಹಾಗೆ ಕತ್ತು ಚಾಚಿದ ಕನ್ನಡಿ. ಪಾರದರ್ಶಕ ಹಾಳೆಯ ಮೇಲೆ ಬರೆದು ಗಾಜಿನ ಮೇಲಿಟ್ಟರೆ ಅಕ್ಷರವೆಲ್ಲ ದೊಡ್ಡದಾಗಿ ಎದುರಿನ ಪರದೆಯ ಮೇಲೆ ಮೂಡುತ್ತಿತ್ತು. ಶನಿವಾರ ಅದನ್ನು ಮನೆಗೊಯ್ದು ಸೋಮವಾರ ತರಲು ನಮ್ಮ ಸಾಹೇಬರು ಒಪ್ಪಿದ್ದರು. ಅಭ್ಯಾಸ ಮಾಡಿಕೊಂಡಾದರೂ ಬರಲಿ ಎಂದು ಅವರ ಆಸೆ. ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಬ್ಬಿ ಕೂರುತ್ತಿದ್ದೆ. ಪರಿಚಯದ ಕಂಡಕ್ಟರ್ ಒಬ್ಬ, ‘ಏನ್ರಿ ಸರ, ಇವತ್ತೂ ಮನಿಯವರನ್ನ ಕರಕೊಂಡ ಹೊಂಟೀರಿ?’ ಎಂದು ಕೇಳಿ ಇಡೀ ಬಸ್ಸನ್ನು ನಗಿಸುತ್ತಿದ್ದ.

ನಗುವಂಥದ್ದೇ. ನನಗೆ ಮದುವೆಯಾಗಿರಲಿಲ್ಲ. ಪ್ರಯತ್ನವೇ ನಡೆಯಲಿಲ್ಲವೆಂದಲ್ಲ. ಒಮ್ಮೆ ಕನ್ಯೆ ನೋಡಲು ಹೋದಾಗ ಆ ಮನೆಯ ಗೋಡೆಯ ಮೇಲೆ ಮಣಿಯಲ್ಲಿ ಪೋಣಿಸಿದ ‘ಸುಸ್ವಾಗತ’ ತೂಗುಹಾಕಿದ್ದರು. ಮೊದಲ ಅಕ್ಷರ ಕುಂಬಳಕಾಯಿಯಷ್ಟು, ಜಾಗ ಸಾಲದೆ ಕೊನೆಯ ಅಕ್ಷರ ಹುಣಸೆ ಬೀಜದಷ್ಟು. ಮೊದಲೇ ಅಳತೆ ಹಾಕಿಕೊಂಡಿದ್ದರೆ ಚೆನ್ನಾಗಿ ಕೂಡುತ್ತಿತ್ತು ಎಂದು ನಾನು ಅವಲಕ್ಕಿ ತಿನ್ನುತ್ತ ಹೇಳಿದೆ. ಅದನ್ನು ಪೋಣಿಸಿದವಳು ಚಾದ ತಟ್ಟೆ ಹಿಡಿದು ನನ್ನ ಎದುರಿಗೇ ನಿಂತಿದ್ದಳು. ಚಾ ಕೊಡದೆ ಒಳಗೆ ಹೋದಳು. ದಾರಿಯುದ್ದಕ್ಕೂ ಅಕ್ಕ ಹಣೆ ಬಡಿದುಕೊಂಡು ನಗುತ್ತಿದ್ದಳು. ‘ಹುಡುಗೀನ ನೋಡು ಅಂತ ಕರಕೊಂಡ ಹೋದ್ರ ಗ್ವಾಡಿ ನೋಡಿ ಬಂದ ನಮ್ಮಪ್ಪ’ ಎಂದು ಓಣಿಯಲ್ಲೆಲ್ಲ ಹೇಳಿದಳು. ಆಮೇಲೆ ಎರಡು ಕಡೆ ಹೋದೆವು. ನಂತರ ಹೋಗುವುದನ್ನೇ ಬಿಟ್ಟೆವು.

ಅಕ್ಕ ಮದುವೆಯಾದ ಕೆಲವೇ ವರ್ಷಕ್ಕೆ ಮಾಮಾನನ್ನು ಕಳೆದುಕೊಂಡು ನನ್ನ ಬಳಿ ಬಂದಿದ್ದಳು. ಮಕ್ಕಳಿರಲಿಲ್ಲ. ಹುಬ್ಬಳ್ಳಿಯ ಗೋಪನಕೊಪ್ಪದ ಬಾಡಿಗೆ ಮನೆಯಲ್ಲಿ ಇಬ್ಬರು ಒಂಟಿಗಳು ಸೇರಿ ಒಂದು ಸಂಸಾರ ಹೂಡಿದ್ದೆವು. ಎರಡೇ ಕೋಣೆ, ಒಂದರ ಹಿಂದೆ ಒಂದು. ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ. ಪಡಸಾಲೆಯ ಗೋಡೆಗಳ ಮೇಲೆ ದೇವರ ಪಟ, ಹಳೆಯ ಕ್ಯಾಲೆಂಡರು, ಅಕ್ಕನ ಡಬ್ಬಿಗಳ ಮಾಡು. ಅಕ್ಷರ ಬೀಳಿಸಲು ಅಂಗೈಯಗಲ ಜಾಗವಿರಲಿಲ್ಲ. ಎರಡೂ ಕೋಣೆಯ ನಡುವಿನ ಬಾಗಿಲೊಂದೇ ಖಾಲಿ.

‘ಅಕ್ಕಾ, ಬಾಗಲಾ ಮುಚ್ಚೂವಷ್ಟು ಒಂದು ಬಿಳೇ ಅರಿವಿ ಬೇಕಾಗಿತ್ತು’ ಎಂದೆ.

ಅವಳು ಟ್ರಂಕಿನಿಂದ ಮಾಮಾನ ಧೋತರ ತೆಗೆದು, ನಾನು ನೋಡನೋಡುತ್ತಲೇ ಪರ್ರೆಂದು ಎರಡು ತುಂಡು ಮಾಡಿದಳು. ‘ಅಯ್ಯ, ಅದು ಮಾಮಾಂದಲ್ಲ?’ ಎಂದು ನಾನು ಎದ್ದು ನಿಂತೆ.

‘ಪೆಟಗ್ಯಾಗ ಮಡಚಿ ಇಟ್ಕೊಂಡು ಏನ ಮಾಡ್ಲೋ? ಅವರಿಗೂ ಒಂದೀಟು ಗಾಳಿ ಆಡ್ಲಿ’ ಎಂದಳು. ಅಷ್ಟು ಹೇಳಿ ಇನ್ನರ್ಧವನ್ನು ಮೂಗಿಗೆ ಹಿಡಿದು, ಮಡಚಿ, ಮತ್ತೆ ಟ್ರಂಕಿನ ತಳಕ್ಕೆ ಇಟ್ಟಳು. ನಾನು ಉಂಗುರ ತರುವ ನೆಪ ಹೇಳಿ ಪೇಟೆಗೆ ಹೋದೆ.

ರವಿವಾರ ಹೊತ್ತು ಮುಳುಗುವಾಗ ಧೋತರವನ್ನು ಬಾಗಿಲಿಗೆ ಕಟ್ಟಿದೆ. ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಯಂತ್ರ, ಪಕ್ಕದಲ್ಲಿ ನಾನು. ಅಡಿಗೆಮನೆಯಲ್ಲಿ ಅಕ್ಕ. ದಾಟಿ ಬರಲು ಬೇರೆ ದಾರಿಯಿಲ್ಲದ್ದರಿಂದ ಅವಳು ಆ ಕಡೆಯೇ ಉಳಿದಳು. ಪರದೆಯ ಮೇಲೆ ಬೆಳಕು ಚೆನ್ನಾಗಿ ನಿಲ್ಲಲೆಂದು ಅಡಿಗೆಮನೆಯ ಬಲ್ಬು ಆರಿಸಿ, ಒಲೆಯ ಬೆಳಕಿನಲ್ಲೇ ರೊಟ್ಟಿ ಬಡಿಯುತ್ತಿದ್ದಳು.

‘ಅಕ್ಕಾ, ಕಾಣತೈತೇನು?’

‘ಏನೋ ಕಾಣತೈತಿ. ಇವು ಅಕ್ಷರೋ, ಇರುವಿ ಸಾಲೋ?’

‘ನಿನಗ ಉಲ್ಟಾ ಕಾಣ್ತಿರಬೇಕು. ಹಾಳಿ ತಿರುವಿ ಇಡಲೇನು?’

‘ಬ್ಯಾಡ ಬ್ಯಾಡ, ಇರ್ಲಿ. ಉಲ್ಟಾ ಇದ್ದಾಗನ ತಿಳೀತಂದ್ರ ನೆಟ್ಟಗಿದ್ದಾಗ ತಿಳೀದ ಎಲ್ಲಿ ಹೋಗತೈತಿ?’

ಅಕ್ಕ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಓದು ಬಲ್ಲವಳು. ಆದರೆ ಎಡಬಲ ತಿರುಗಿದ ಅಕ್ಷರವನ್ನು ಧೋತರದ ಹಿಂದಿನಿಂದ, ಕೈ ಹಿಟ್ಟಿನಲ್ಲಿರುವಾಗ ಓದುವುದೆಂದರೆ ಸುಮ್ಮನಲ್ಲ. ನನ್ನ ಮೊದಲ ಹಾಳೆಯನ್ನು ಅವಳು ಓದಿ ಮುಗಿಸುವಷ್ಟರಲ್ಲಿ ವಾಸನೆ ಬಂತು. ‘ನೀ ಬರದಿದ್ದು ಓದೂದ್ರಾಗ ನನ್ನ ರೊಟ್ಟಿ ಕರಕಾತು ನೋಡ!’ ಎಂದು ಆ ಕಡೆಯಿಂದ ಕೂಗಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಒಂದು ಹಾಳೆ ಓದಿ ಮುಗಿಯಬೇಕು. ಮುಗಿಯದಿದ್ದರೆ ಅದು ಹಾಳೆಯದೇ ತಪ್ಪು. ಕರಕಾದ ರೊಟ್ಟಿ ನನ್ನ ತಾಟಿಗೆ.

ಕರಕು ರೊಟ್ಟಿ ತಿಂದು ತಿಂದು ನಾನು ಕಲಿತೆ. ‘ಸಂಗ್ರಹಣಾಪೂರ್ವ ತೇವಾಂಶ ನಿಯಂತ್ರಣ’ ಎಂದು ಒಂದು ಹಾಳೆಗೆ ತಲೆಬರಹ ಕೊಟ್ಟಿದ್ದೆ. ಬರೆದಾಗ ನನಗೇ ಮೈ ಜುಮ್ಮೆಂದಿತ್ತು.

‘ಇದೇನೋ, ಮಂತ್ರಾ ಬರದೀ?’

‘ಹಂಗಂದ್ರ, ಕಾಳು ತುಂಬಿ ಇಡೂಕಿಂತಾ ಮೊದಲ ಒಣಗಸಬೇಕು ಅಂತ.’

‘ಮತ್ತ ಅದನ್ನ ಬರಿ.’

‘ಮೊದಲು ಒಣಗಿಸಿ’ ಎಂದು ಬರೆದೆ. ಎರಡೇ ಮಾತು. ಬಾಗಿಲು ಕಿರಿದು, ಅದಕ್ಕಿಂತ ಹೆಚ್ಚು ಹಿಡಿಯುತ್ತಲೂ ಇರಲಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಮಾತು ಕಡಿಮೆ ಮಾಡಬೇಕು, ಮಾತು ಕಡಿಮೆ ಮಾಡಿದರೆ ಯಾವ ಮಾತು ಬೇಕು ಯಾವುದು ಬೇಡ ಎಂದು ಕೂತು ಯೋಚಿಸಬೇಕು. ಹಳದಿ ಪೆನ್ನು ಧೋತರದ ಮೇಲೆ ಕಾಣಲೇ ಇಲ್ಲ, ಅದನ್ನು ಎಸೆದೆ. ಕರಿ, ನೀಲಿ ಉಳಿದವು. ಒಂದು ಹಾಳೆಗೆ ಒಂದೇ ಸಂಗತಿ. ಎರಡನೆಯದು ಬಂದರೆ ಎರಡನೆಯ ಹಾಳೆ. ಮುಂದೆ ಧಾರವಾಡದಲ್ಲಿ ನನ್ನ ಹಾಳೆಗಳದ್ದೇ ಒಂದು ಶೈಲಿ ಎಂದು ನಾಲ್ಕು ಜನ ಮೆಚ್ಚಿದರು. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ನಮ್ಮ ಮನೆಯ ಬಾಗಿಲು ಸಣ್ಣದು ಎಂದು ಹೇಗೆ ಹೇಳುವುದು? ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಸಾಹೇಬರಿಗೆ ಮಾತ್ರ ಅದು ಸರಿಹೋಗಲಿಲ್ಲ. ಅವರ ಹಾಳೆ ಲಗ್ನಪತ್ರಿಕೆಯ ಹಾಗೆ. ಲಗ್ನಪತ್ರಿಕೆಯಲ್ಲಿ ಯಾವ ಕಾಕಾನ ಹೆಸರನ್ನೂ ಬಿಡುವಂತಿಲ್ಲ, ಬಿಟ್ಟರೆ ಜೀವನವಿಡೀ ಸಿಟ್ಟು. ಹಾಗೆ ಅವರಿಗೆ ಯಾವ ಅಂಶವನ್ನೂ ಬಿಡಲು ಮನಸ್ಸಿಲ್ಲ. ‘ಹಾಳಿ ಖಾಲಿ ಉಳದೈತಲ್ರಿ, ಇನ್ನೊಂದ ನಾಕ ಮಾತು ತುಂಬ್ರಿ’ ಎನ್ನುತ್ತಿದ್ದರು. ನಾನು ಹೂಂ ಎಂದು ತಲೆಯಾಡಿಸಿ, ಹಾಳೆಯನ್ನು ಇದ್ದ ಹಾಗೇ ಇಡುತ್ತಿದ್ದೆ. ನನಗೆ ಸಾಹೇಬರಿಗಿಂತ ಕರಕು ರೊಟ್ಟಿಯ ಹೆದರಿಕೆ ಹೆಚ್ಚು.

ಹುಬ್ಬಳ್ಳಿಯ ಹಳೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗೆಲ್ಲ ನನಗೆ ಅನ್ನಿಸುತ್ತಿತ್ತು, ಬಸ್ಸಿನ ಹಣೆಯ ಮೇಲಿನ ಬೋರ್ಡಿಗಿಂತ ಒಳ್ಳೆಯ ಹಾಳೆಯನ್ನು ಯಾರೂ ಬರೆದಿಲ್ಲವೆಂದು. ‘ಧಾರವಾಡ’ ಅಂತ ಅಷ್ಟೇ. ಗಂಟು ಹೊತ್ತು ಓಡುತ್ತಿರುವವರಿಗೂ, ಮಗುವನ್ನು ದರದರ ಎಳೆಯುತ್ತಿರುವವರಿಗೂ ಗೊತ್ತಾಗುತ್ತದೆ. ಆ ಬಸ್ಸಿನ ಎಂಜಿನ್ನು ಹೇಗಿದೆ, ಡ್ರೈವರು ಯಾರು ಎಂದೆಲ್ಲ ಅದರಲ್ಲಿ ಬರೆದಿರುವುದಿಲ್ಲ. ಬರೆದಿದ್ದರೆ ಅರ್ಧ ಹುಬ್ಬಳ್ಳಿ ಸ್ಟ್ಯಾಂಡಿನಲ್ಲೇ ಉಳಿಯುತ್ತಿತ್ತು.

ಇನ್ನೊಂದು ಜಗಳ ನೆನಪಾಗುತ್ತದೆ. ಕೊನೆಯ ಹಾಳೆಯಲ್ಲಿ ‘ಧನ್ಯವಾದಗಳು’ ಎಂದು ಬರೆದು, ಸುತ್ತ ಬಳ್ಳಿ ಬಿಡಿಸಿ, ಹೂವಿಗೆ ಬಣ್ಣ ತುಂಬಿದ್ದೆ. ಚೆಂದವಾಗಿದೆ ಎನ್ನುತ್ತಾಳೆಂದು ಕಾದೆ.

‘ಅಲ್ಲೋ, ಅಷ್ಟು ಮಂದಿ ದೂರದಿಂದ ಬಂದು ನಿನ್ನ ಮುಂದ ಕೂತಿರತಾರ. ಬಾಯಿಲೆ ಹೇಳಾಕ ಏನಾಗೇತಿ ನಿನಗ? ಬರದು ತೋರಸ್ತಿ?’

ಬಳ್ಳಿ ಬಿಡಿಸಲು ಅರ್ಧ ದಿನ ಹಿಡಿದಿತ್ತು. ಒರೆಸಿ ಹಾಕಿದೆ. ಮಾರನೆಯ ದಿನ ಕೈ ಮುಗಿದು ಬಾಯಲ್ಲೇ ಹೇಳಿದೆ. ಮೀಸೆಯವರು ತಿರುಗಿ ಕೈ ಮುಗಿದರು. ಹಾಳೆಗೆ ಯಾರೂ ಕೈ ಮುಗಿದಿರಲಿಲ್ಲ.

ಈಗ ಹೇಳಹೊರಟಿರುವುದು ಮಾತ್ರ ನನಗೆ ಬಹಳ ವರ್ಷ ಬಗೆಹರಿಯದೆ ಉಳಿದ ಸಂಗತಿ. ಹಾಳೆಯ ವಿಷಯ ಹೇಳುತ್ತ ಹೇಳುತ್ತ ಅಕ್ಕ ನಡುವೆಯೇ ನನ್ನ ವಿಷಯಕ್ಕೆ ಬರುತ್ತಿದ್ದಳು. ಧೋತರದ ಆ ಕಡೆಯಿಂದ, ಇದ್ದಕ್ಕಿದ್ದ ಹಾಗೆ.

‘ಶೇಂಗಾ ತಿಂದದ್ದು ಸಾಕು, ಇನ್ನ ರೊಟ್ಟಿ ಹೊಟ್ಟಿಗೆ ಹ್ಯಾಂಗ ಹೋಗತಾವು?’ ಎನ್ನುವಳು. ನಾನು ಸದ್ದಾಗದ ಹಾಗೆ ಅಗಿಯುತ್ತಿದ್ದೆ. ‘ಅಂಗಿ ಗುಂಡಿ ಹರದೈತಿ, ಊಟಾದ ಮ್ಯಾಲೆ ಕೊಡು’ ಎನ್ನುವಳು. ಒಮ್ಮೆ ಆಫೀಸಿನಲ್ಲಿ ನನಗೆ ಬರಬೇಕಾದ ಬಡ್ತಿ ಬೇರೆಯವರಿಗೆ ಹೋಯಿತು. ಮನೆಯಲ್ಲಿ ಹೇಳಬಾರದೆಂದು ಗಟ್ಟಿ ಮಾಡಿಕೊಂಡು, ಹಾಡು ಗುನುಗುತ್ತಲೇ ಬಂದು ಪರದೆ ಕಟ್ಟಿದ್ದೆ. ದನಿಯನ್ನೂ ಎಂದಿಗಿಂತ ಗೆಲುವಾಗಿಯೇ ಇಟ್ಟುಕೊಂಡಿದ್ದೆ. ಎರಡು ಹಾಳೆ ಮುಗಿದಿರಲಿಕ್ಕಿಲ್ಲ.

‘ಯಾಕೋ ತಮ್ಮಾ, ಮಾರಿ ಸಪ್ಪಗ ಮಾಡೀಯಲ್ಲ? ಆಫೀಸಿನ್ಯಾಗ ಏನಾತು?’

‘ನಿನಗ ಹ್ಯಾಂಗ ಗೊತ್ತಾತಕ್ಕಾ?’

‘ಗೊತ್ತಾಗತೈತಿ. ನೀ ಮುಂದಿಂದು ಹಾಕು.’

ಪ್ರತಿ ಸಲ ಅದೇ ಉತ್ತರ. ಅವಳಿಗೆ ಏನೋ ಒಂದು ದೈವೀ ಶಕ್ತಿ ಇರಬಹುದೆಂದು ಆಗಾಗ ಅನುಮಾನ ಬರುತ್ತಿತ್ತು. ಒಂದು ರವಿವಾರ ಅವಳು ಪಕ್ಕದ ಮನೆಗೆ ಹೋದಾಗ ಧೋತರ ಸರಿಸಿ ಒಳಹೊಕ್ಕು, ಅವಳ ಮಣೆಯ ಮೇಲೆ ಅವಳ ಹಾಗೇ ಕೂತು ನೋಡಿದೆ. ಎಡಬಲ ತಿರುಗಿದ ನನ್ನವೇ ಅಕ್ಷರ, ಅವುಗಳ ಹಿಂದೆ ದೀಪದ ಒಂದು ಚುಕ್ಕೆ. ಬೇರೇನೂ ಕಾಣಲಿಲ್ಲ. ಹಾಗಾದರೆ ಶಕ್ತಿಯೇ ಇರಬೇಕು ಎಂದುಕೊಂಡು ಈ ಕಡೆ ಬಂದೆ.

ಈ ಕಡೆ ನಿಂತವನ ಪಾಡು ಬೇರೆ. ಎದುರಿಗೆ ಬೆಳ್ಳಗೆ ಬೆಳಗುವ ಬಟ್ಟೆ, ಅದರ ಮೇಲೆ ನನ್ನ ಮಾತು, ಅಷ್ಟೇ. ಬಟ್ಟೆಯ ಆಚೆ ಯಾರಿದ್ದಾರೆ, ಹೇಗಿದ್ದಾರೆ ಒಂದೂ ಕಾಣದು. ರೊಟ್ಟಿ ಬಡಿಯುವ ಸದ್ದು ನಿಂತರೆ ಗಾಬರಿಯಾಗುತ್ತಿತ್ತು. ಖರೆ ಹೇಳಬೇಕೆಂದರೆ ಆ ರವಿವಾರಗಳಲ್ಲೂ ನನಗೆ ಒಂಟಿತನವೇ. ಓರಗೆಯವರು ಹೆಂಡತಿ ಮಕ್ಕಳೊಡನೆ ಉಣಕಲ್ ಕೆರೆಯ ದಂಡೆಗೆ ಹೋಗುವ ಹೊತ್ತಿನಲ್ಲಿ ನಾನು ಒಂದು ಧೋತರದ ಮುಂದೆ ನಿಂತು ಜೋಳದ ಹುಳದ ಬಗ್ಗೆ ಮಾತಾಡುತ್ತಿದ್ದೆ. ನನ್ನನ್ನು ಯಾರೂ ನೋಡಿಲ್ಲ, ಯಾರೂ ನೋಡುವುದೂ ಇಲ್ಲ ಎಂಬುದೊಂದು ಒಳಗೇ ಕೂತುಬಿಟ್ಟಿತ್ತು. ನನ್ನ ಅಕ್ಷರ ಎಲ್ಲರಿಗೂ ಗೊತ್ತು, ನಾನು ಯಾರಿಗೂ ಗೊತ್ತಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೇಂದ್ರಕ್ಕೆ ಕಂಪ್ಯೂಟರು ಬಂತು, ಅದರ ಬೆನ್ನಿಗೆ ಹೊಸ ಪ್ರೊಜೆಕ್ಟರ್ ಬಂತು. ಅದಕ್ಕೊಂದು ತಣ್ಣನೆಯ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮನೆಗೆ ಒಯ್ಯುವ ಮಾತೇ ಇಲ್ಲ. ನನಗೂ ಹುಚ್ಚು ಹಿಡಿಯಿತು. ಅಕ್ಷರಗಳು ಎಡದಿಂದ ಹಾರಿ ಬಂದವು, ಬಲದಿಂದ ಉರುಳಿ ಬಂದವು, ಕೆಲವು ಗಿರಗಿರ ತಿರುಗಿ ನಿಂತವು. ಹಿಂದೆ ಸೂರ್ಯಾಸ್ತದ ಚಿತ್ರ. ರೈತರು ಬಾಯಿ ತೆರೆದು ನೋಡಿದರು. ಮುಗಿದ ಮೇಲೆ ಒಬ್ಬ ಹಿರಿಯರು ಬಂದು, ‘ಭಾರೀ ಆತ್ರಿ. ಆದ್ರ ಆ ಕಾಳಿಂದ ಏನೋ ಹೇಳಿದ್ರಲ್ಲ, ಅದು ಏನ್ರಿ?’ ಎಂದು ಕೇಳಿದರು. ಅಂದು ಬಸ್ಸಿನಲ್ಲಿ ಖಾಲಿ ತೊಡೆಯ ಮೇಲೆ ಕೈ ಇಟ್ಟುಕೊಂಡು ಬಂದೆ.

ಕಾಗದದ ಮೇಲೆ ಮುದ್ರಿಸಿ ತಂದು ಅಕ್ಕನಿಗೆ ತೋರಿಸತೊಡಗಿದೆ. ಅವಳು ಕನ್ನಡಕ ಏರಿಸಿ, ಕಿಟಕಿಯ ಹತ್ತಿರ ಹಿಡಿದು, ನೆಟ್ಟಗಿನ ಅಕ್ಷರವನ್ನು ನೆಟ್ಟಗೆ ಓದಿ ಕೆಳಗಿಡುತ್ತಿದ್ದಳು. ಮೊದಲಿನ ಉಮೇದಿ ಇರುತ್ತಿರಲಿಲ್ಲ.

‘ಛಲೋ ಐತಿ. ಆದ್ರ ಇದರಾಗ ಏನ ಗೊತ್ತಾಗತೈತೋ? ಆ ದ್ವಾತ್ರಾ ಕಟ್ಟು, ಅದರಾಗ ಛಂದ ಗೊತ್ತಾಗತೈತಿ.’

‘ಆ ಯಂತ್ರ ಮೂಲೀಗೆ ಬಿತ್ತಕ್ಕಾ. ಕಾಲಾ ಬದಲಾತು.’

‘ಮೂಲ್ಯಾಗಿಂದು ತಗೊಂಡ ಬಾ. ಯಾರ ಬ್ಯಾಡ ಅಂತಾರ?’

ತಂದೆ. ಹೇಗೂ ಹಳ್ಳಿಗಳಿಗೆ ಹೊಸ ಯಂತ್ರ ಒಯ್ಯಲು ಕೊಡುತ್ತಿರಲಿಲ್ಲ, ಅಲ್ಲಿಗೆ ಹಳೆಯದೇ ಗತಿ. ಮತ್ತೆ ರವಿವಾರ, ಮತ್ತೆ ಧೋತರ. ಅವಳಿಗೆ ಹೊತ್ತು ಮುಳುಗಿದರೆ ಅಕ್ಷರ ಸರಿಯಾಗಿ ಕಾಣಿಸುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು, ಓದಲು ತಡವರಿಸುತ್ತಿದ್ದಳು. ಆದರೂ ಪರದೆ ಕಟ್ಟು ಎನ್ನುವುದನ್ನು ಬಿಡಲಿಲ್ಲ. ಹಳೆಯ ರೂಢಿ, ಬಿಡಲಾರಳು ಎಂದು ತಿಳಿದೆ.

ಒಂದು ಶ್ರಾವಣದಲ್ಲಿ ಜ್ವರ ಬಂತು, ಎದೆಗಿಳಿಯಿತು, ಅಕ್ಕ ಹೋದಳು. ಬಂದವರು ಬಂದರು, ಹೋದವರು ಹೋದರು. ಮನೆ ಬಿಕೋ ಎನ್ನತೊಡಗಿತು. ಒಂದು ರವಿವಾರ ಏನು ಮಾಡಬೇಕೋ ತಿಳಿಯದೆ ಧೋತರ ಕಟ್ಟಿ, ದೀಪ ಹಚ್ಚಿ, ಹಾಳೆ ಇಟ್ಟು, ರೂಢಿಯಂತೆ ‘ಅಕ್ಕಾ, ಕಾಣತೈತೇನು?’ ಎಂದುಬಿಟ್ಟೆ. ನನ್ನ ದನಿ ನನಗೇ ಕೇಳಿಸಿ ಹೆದರಿಕೆಯಾಯಿತು. ದೀಪ ಆರಿಸಿ ಪಡಸಾಲೆಯಲ್ಲೇ ಕೂತು ಅತ್ತೆ. ನನ್ನ ವಯಸ್ಸಿನ ಗಂಡಸು ಹಾಗೆ ಅಳಬಾರದು ಎನ್ನುತ್ತಾರೆ. ನೋಡುವವರು ಯಾರಿದ್ದರು?

ಆಮೇಲೆ ನನ್ನ ಹಾಳೆಗಳು ಕೆಟ್ಟವು. ಯಾವ ಮಾತು ಉಳಿಸಬೇಕು, ಯಾವುದು ತೆಗೆಯಬೇಕು ತೋಚುತ್ತಿರಲಿಲ್ಲ. ಯಾರಿಗಾಗಿ ಸಣ್ಣದು ಮಾಡಬೇಕು, ಯಾರಿಗಾಗಿ ದೊಡ್ಡದು ಮಾಡಬೇಕು? ಈ ಕೆಲಸ ಬೇಡ, ಕಡತಗಳ ವಿಭಾಗಕ್ಕೆ ಹಾಕಿರಿ ಎಂದು ಸಾಹೇಬರನ್ನು ಕೇಳಿಕೊಂಡೆ. ಅಲ್ಲಿ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ. ಹೊಸದಾಗಿ ಸೇರಿದ ರೇಣುಕಾ ಎಂಬವರಿಗೆ ಕೆಲಸ ತೋರಿಸಿಕೊಟ್ಟು ಹೋಗಿ ಎಂದರು. ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ಒಂದು ಕಾರ್ಯಕ್ರಮವಿತ್ತು. ಅದೇ ನನ್ನ ಕೊನೆಯದು, ಅವರ ಮೊದಲನೆಯದು.

ಮುಗದಕ್ಕೆ ಹೋಗಿ ನೋಡಿದರೆ ಆಫೀಸಿನ ಪರದೆಯ ಕೋಲು ಮುರಿದಿತ್ತು. ನನ್ನ ಚೀಲದಲ್ಲಿ ಧೋತರವಿತ್ತು. ಯಾಕೆ ಇಟ್ಟುಕೊಂಡು ಬಂದಿದ್ದೆನೋ ಕೇಳಬೇಡಿ. ಶಾಲೆಯ ಪಡಸಾಲೆಯ ಎರಡು ಕಂಬಗಳಿಗೆ ಅಡ್ಡಲಾಗಿ ಕಟ್ಟಿದೆವು. ಅಂಗಳದಲ್ಲಿ ಮೇಜಿನ ಮೇಲೆ ಯಂತ್ರ. ಗಂಡಸರು ಅಂಗಳ ತುಂಬಿ ಕೂತರು. ಹೆಣ್ಣುಮಕ್ಕಳು ಹಿರಿಯರ ಮುಂದೆ ಕೂರುವುದು ಸರಿಯಲ್ಲವೆಂದು ಪಡಸಾಲೆ ಹತ್ತಿ ಧೋತರದ ಹಿಂದೆ, ಕತ್ತಲಲ್ಲಿ ಸಾಲಾಗಿ ಕೂತುಬಿಟ್ಟರು. ಹೊತ್ತು ಮುಳುಗಿತು. ರೇಣುಕಾ ದೀಪದ ಪಕ್ಕ ನಿಂತು ಶುರುಮಾಡಿದರು. ದನಿ ಗಟ್ಟಿಯಾಗಿಯೇ ಇತ್ತು, ಹೆದರಿದವರ ಹಾಗೆ ಇರಲಿಲ್ಲ.

ಎರಡು ಹಾಳೆ ಆದ ಮೇಲೆ ನನಗೆ ಹೊಳೆಯಿತು, ಹಿಂದಿನವರಿಗೆ ಎಲ್ಲ ಉಲ್ಟಾ ಕಾಣುತ್ತಿದೆ. ಮನೆಯಲ್ಲಿ ಕಾಳು ಒಣಗಿಸಿ ತುಂಬಿಡುವವರು ಅವರೇ. ನಾನು ಸುತ್ತುಹಾಕಿ ಪಡಸಾಲೆ ಹತ್ತಿ, ಕಂಬದ ಬುಡದಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಪಕ್ಕ ಕುಕ್ಕರಿಸಿದೆ.

‘ಯವ್ವಾ, ನಿಮಗ ಅಕ್ಷರ ಉಲ್ಟಾ ಕಾಣಾಕತ್ತಾವು. ಹಾಳಿ ತಿರುವಿ ಇಡಸಲೇನ್ರಿ?’

‘ಅಕ್ಷರಾ ಯಾರ ನೋಡಾಕತ್ತಾರೋ ಯಪ್ಪಾ’ ಎಂದಳು ಅಜ್ಜಿ. ‘ನಾವು ಆ ಹುಡುಗೀನ ನೋಡಾಕತ್ತೇವಿ. ಪಾಪ, ತುಟಿ ಹೆಂಗ ಕಡ್ಕೊಳ್ಳಾಕತ್ತಾಳ ನೋಡ. ಮಧ್ಯಾಹ್ನ ಉಂಡಂಗಿಲ್ಲ.’

ನಾನು ತಲೆಯೆತ್ತಿ ಧೋತರ ನೋಡಿದೆ.

ಅಕ್ಷರಗಳಿದ್ದವು, ಎಡಬಲ ತಿರುಗಿ. ಅವುಗಳ ನಡುವೆ, ಅವುಗಳ ಹಿಂದೆ, ರೇಣುಕಾ ಇದ್ದರು. ಗಾಜಿನಿಂದ ಮೇಲೇಳುವ ಬೆಳಕು ನೇರ ಅವರ ಮುಖಕ್ಕೆ ಬಡಿಯುತ್ತಿತ್ತು. ಸಣ್ಣ ನೂಲಿನ ಧೋತರ, ನಾವಿರುವುದು ಕತ್ತಲಲ್ಲಿ. ಬಟ್ಟೆಯೇ ಇಲ್ಲವೇನೋ ಎಂಬಷ್ಟು ಸ್ಪಷ್ಟವಾಗಿ ಅವರ ಮುಖ ಕಾಣುತ್ತಿತ್ತು. ಹಣೆಯ ಬೆವರು ಕಂಡಿತು. ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ನಡುವೆ ಕೆಳತುಟಿ ಕಚ್ಚಿ ಬಿಡುವುದು ಕಂಡಿತು. ಅಂಗಳದಲ್ಲಿ ಕೂತ ಯಾರಿಗೂ ಅದು ಕಾಣದು, ಅವರ ಕಣ್ಣೆಲ್ಲ ಪರದೆಯ ಮೇಲೆ. ರೇಣುಕಾಗೂ ನಾವು ಕಾಣೆವು, ಅವರ ಎದುರಿಗಿರುವುದು ಬೆಳ್ಳಗೆ ಬೆಳಗುವ ಬಟ್ಟೆ.

ಆ ದಿನ ಅಕ್ಕನ ಮಣೆಯ ಮೇಲೆ ಕೂತು ನೋಡಿದಾಗ ನನಗೆ ಏನೂ ಕಾಣಲಿಲ್ಲವೆಂದೆನಲ್ಲ. ದೀಪದ ಬಳಿ ಆಗ ಯಾರಿದ್ದರು, ಕಾಣಲಿಕ್ಕೆ? ಅಲ್ಲಿ ನಿಲ್ಲುತ್ತಿದ್ದವನು ನಾನೊಬ್ಬನೇ. ನಾನು ಎದ್ದು ಬಂದರೆ ಆ ಜಾಗ ಖಾಲಿ.

ಹಾಗಾದರೆ ಅಷ್ಟೂ ರವಿವಾರ ಅಕ್ಕ ನೋಡುತ್ತಿದ್ದದ್ದು ಇದನ್ನು. ತನ್ನ ಗಂಡನ ಧೋತರದ ಆಚೆ, ಮುಖಕ್ಕೆ ಬೆಳಕು ಹಿಡಿದುಕೊಂಡು, ಯಾರೂ ನೋಡುತ್ತಿಲ್ಲವೆಂದು ತಿಳಿದು ಶೇಂಗಾ ಮೆಲ್ಲುತ್ತ, ಮೋರೆ ಇಳಿಬಿಟ್ಟುಕೊಂಡು ನಿಂತ ತಮ್ಮನನ್ನು. ಕಣ್ಣು ಮಂಜಾಗಿ ಅಕ್ಷರ ಓದಲು ಬರದಾದಾಗಲೂ ಪರದೆ ಕಟ್ಟು ಎಂದವಳು. ಇಡೀ ಜೀವಮಾನದಲ್ಲಿ ನನ್ನನ್ನು ಯಾರೂ ನೋಡಲಿಲ್ಲವೆಂದು ಕೊರಗಿದವನು ನಾನು. ನನ್ನ ಮುಖ ಅಜ್ಜಿಗೆ ಕಾಣಬಾರದೆಂದು ಕಂಬದ ಕಡೆ ತಿರುಗಿದೆ.

ಅಷ್ಟರಲ್ಲಿ ರೇಣುಕಾ ಮಾತು ನಿಲ್ಲಿಸಿ ಆಚೀಚೆ ನನ್ನನ್ನು ಹುಡುಕುವುದು ಕಂಡಿತು. ಮುಖ ಸಣ್ಣದಾಗಿತ್ತು. ನಾನು ಇಲ್ಲಿಂದಲೇ ದನಿ ಎತ್ತರಿಸಿ ಹೇಳಿದೆ, ‘ಮೇಡಂ, ಛಲೋ ನಡದೈತ್ರಿ. ತುಟಿ ಕಡ್ಕೋಬ್ಯಾಡ್ರಿ. ಮುಗದ ಮ್ಯಾಲೆ ಮೊದಲ ಊಟಾ ಮಾಡೂಣು.’

ಅವರು ಬೆಚ್ಚಿ ಬಾಯಿಗೆ ಕೈ ಮುಚ್ಚಿಕೊಂಡರು. ನೇರ ನನ್ನತ್ತಲೇ ನೋಡಿದರು, ನಾನು ಕಾಣಲಿಲ್ಲ.

‘ಸರ್, ಎಲ್ಲಿದ್ದೀರಿ? ನಿಮಗ ಹ್ಯಾಂಗ ಗೊತ್ತಾತ್ರಿ?’

ಹೇಳಬಹುದಾಗಿತ್ತು. ಈ ಕಡೆ ಕರೆದು ತೋರಿಸಬಹುದಾಗಿತ್ತು. ಆದರೆ ಅಲ್ಲಿ ನಿಂತು ನಾನು ಎಷ್ಟು ಸಲ ಇದನ್ನೇ ಕೇಳಿದ್ದೆ, ಮತ್ತು ಬಂದ ಉತ್ತರ ಒಂದೇ ಆಗಿತ್ತು.

‘ಗೊತ್ತಾಗತೈತ್ರಿ. ನೀವು ಮುಂದಿಂದು ಹಾಕ್ರಿ’ ಎಂದೆ.

ಅವರ ಮುಖದಲ್ಲಿ ಸಣ್ಣಗೆ ನಗು ಮೂಡಿತು. ಮುಂದಿನ ಹಾಳೆ ತೆಗೆದು ಗಾಜಿನ ಮೇಲಿಟ್ಟರು. ನಾನು ಅಜ್ಜಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. ಆ ಹಾಳೆಯಲ್ಲಿ ಏನು ಬರೆದಿತ್ತೋ, ನಾನು ಓದಲಿಲ್ಲ.